ಆಯಿ ಅಂದರೆ ಯಾರು?

ನಮ್ಮ ಅಡುಗೆಮನೆಯ ಪಾತ್ರೆಗಳಲ್ಲಿ ಒಂದು ಪಾತ್ರೆ ನಮ್ಮದಲ್ಲ. ಮುಚ್ಚಳವಿರುವ, ಅಂಗೈಯಗಲದ ಸ್ಟೀಲಿನ ಡಬ್ಬಿ ಅದು. ಒಂದು ಪಕ್ಕ ಸ್ವಲ್ಪ ನೆಗ್ಗಿದೆ. ಹೊಟ್ಟೆಯ ಮೇಲೆ ಮರಾಠಿ ಅಕ್ಷರದಲ್ಲಿ, ಚುಕ್ಕಿ ಚುಕ್ಕಿಯಾಗಿ, ‘ಸೌ. ಶಾಲನ’ ಎಂದು ಕೆತ್ತಿದೆ. ನಮ್ಮ ಮನೆಯಲ್ಲಿ ಶಾಲನ ಎನ್ನುವವರು ಯಾರೂ ಇಲ್ಲ, ಬಳಗದಲ್ಲೂ ಇಲ್ಲ. ಮೊನ್ನೆ ಅಥಣಿಯ ನಮ್ಮ ಮನೆಗೆ ಬಂದಿದ್ದ ನನ್ನ ಗಂಡನ ಸೋದರತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ, ನನ್ನ ಮುಖ ನೋಡಿ, ‘ಯಾರ ಮನೀ ಡಬ್ಬಿ ಎತ್ಕೊಂಡು ಬಂದೀಯವಾ?’ ಎಂದರು. ಡಬ್ಬಿಯ ಕಥೆ ಹೇಳಬೇಕೆಂದರೆ ನಮ್ಮ ಆಯಿಯಿಂದ ಶುರು ಮಾಡಬೇಕು, ಅವರಿಗೆ ಬಸ್ಸಿಗೆ ಹೊತ್ತಾಗಿತ್ತು. ‘ನಂದಲ್ರೀ, ಆದ್ರ ಕದ್ದದ್ದೂ ಅಲ್ಲ’ ಎಂದಷ್ಟೇ ಹೇಳಿ ಚಹಾ ಸೋಸಿದೆ. ಅವರು ಪೂರ್ತಿ ನಂಬಿದಂತೆ ಕಾಣಲಿಲ್ಲ.

ನಿಮಗೇನೂ ಬಸ್ಸಿಲ್ಲ ಎಂದುಕೊಂಡಿದ್ದೇನೆ. ಆದ್ದರಿಂದ ಸಾವಕಾಶವಾಗಿ ಹೇಳುತ್ತೇನೆ.

ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸದೆ ಮನೆಗೆ ತರುವ ಪದ್ಧತಿಯಿಲ್ಲ. ಪಾತ್ರೆ ಅಂಗಡಿಯ ಮೂಲೆಯಲ್ಲಿ ಒಬ್ಬ ಮನುಷ್ಯ ಪೆನ್ನಿನಂಥ ಯಂತ್ರ ಹಿಡಿದು ಕೂತಿರುತ್ತಾನೆ. ಅದು ಗುಂಯ್ ಎನ್ನುತ್ತಾ ಕೊಳಗ, ಪರಾತ, ತಂಬಿಗೆಗಳ ಮೇಲೆಲ್ಲ ಹೆಂಗಸರ ಹೆಸರು ಬರೆಯುತ್ತದೆ. ನನ್ನ ಮದುವೆಯಲ್ಲಿ ಬಂದ ಒಂದು ಕೊಳಗದ ಮೇಲೆ ‘ಪ್ರೀತಿಯ ಕಾಣಿಕೆ’ ಎಂದಿರಬೇಕಿತ್ತು. ಜಾಗ ಸಾಲದೆಯೋ ಊಟದ ಹೊತ್ತಾಗಿಯೋ ಆ ಮನುಷ್ಯ ಕೊನೆಯ ಅಕ್ಷರ ಬಿಟ್ಟುಬಿಟ್ಟಿದ್ದಾನೆ. ಹೀಗಾಗಿ ನನ್ನ ಕೊಳಗದ ಮೇಲೆ ‘ಪ್ರೀತಿಯ ಕಾಣಿ’ ಎಂದಿದೆ. ಮರಾಠಿಯಲ್ಲಿ ಕಾಣಿ ಎಂದರೆ ಮೆಳ್ಳಗಣ್ಣಿನವಳು. ಎರಡೂ ಭಾಷೆ ಬಲ್ಲವರು ನಮ್ಮ ಮನೆಗೆ ಊಟಕ್ಕೆ ಬಂದರೆ ನಾನು ಆ ಕೊಳಗವನ್ನು ಹೊರಗೆ ತೆಗೆಯುವುದಿಲ್ಲ.

ಎರಡೂ ಭಾಷೆ ಬಲ್ಲವರಿಗೆ ಇಂಥ ಸುಖಗಳಿವೆ. ಒಂದೇ ಭಾಷೆ ಬಲ್ಲವರ ಪಾಡು ಬೇರೆ. ನಾನು ಮೂರನೇ ಇಯತ್ತೆಯಲ್ಲಿದ್ದಾಗ, ಎಂದರೆ ಮೂರನೇ ತರಗತಿಯಲ್ಲಿ, ಒಂದೇ ಭಾಷೆಯವಳಾಗಿದ್ದೆ.

ನಮ್ಮ ಊರು ರಾಯಬಾಗದ ಹತ್ತಿರದ ಒಂದು ಹಳ್ಳಿ. ಅಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಿದ್ದರು, ಕನ್ನಡದಲ್ಲೇ ಜಗಳಾಡುತ್ತಿದ್ದರು. ಅಪ್ಪನಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ. ಎರಡು ಸಾವಿರದ ಆಚೀಚಿನ ವರ್ಷಗಳಲ್ಲಿ ಅವರಿಗೆ ನಿಪ್ಪಾಣಿಗೆ ಬದಲಿಯಾಯಿತು. ಅಪ್ಪ, ಅವ್ವ, ನಾನು, ನಮ್ಮ ಆಯಿ, ನಾಲ್ಕು ಜನ ಒಂದು ಟೆಂಪೋದಲ್ಲಿ ಗಂಟು ಮೂಟೆಗಳ ಮೇಲೆ ಕೂತು ಬಂದೆವು. ಆಯಿ ಎಂದರೆ ಅಪ್ಪನ ತಾಯಿ. ನಮ್ಮ ಮನೆಗಳಲ್ಲಿ ಹಡೆದವಳು ಅವ್ವ, ಅಪ್ಪನನ್ನು ಹಡೆದವಳು ಆಯಿ. ಇದು ನನ್ನ ಮಟ್ಟಿಗೆ ಸೂರ್ಯ ಮೂಡಲಲ್ಲಿ ಹುಟ್ಟುವಷ್ಟೇ ಖಚಿತವಾದ ಸಂಗತಿಯಾಗಿತ್ತು.

ಟೆಂಪೋ ನಿಪ್ಪಾಣಿಯೊಳಗೆ ಹೊಕ್ಕದ್ದೇ ನಾವೆಲ್ಲ ಸೀನತೊಡಗಿದೆವು. ರಸ್ತೆಯ ಎರಡೂ ಬದಿಗೆ ತಂಬಾಕಿನ ವಖಾರಗಳು. ಆ ಘಾಟು ಮೂಗಿನಲ್ಲಿ ಹೊಕ್ಕು ಹಣೆಯಲ್ಲಿ ಕೂತಿತು. ಅವ್ವ ಸೆರಗು ಮುಚ್ಚಿಕೊಂಡಳು, ಅಪ್ಪ ಕರವಸ್ತ್ರ ಹುಡುಕಿದರು. ಆಯಿ ಮಾತ್ರ ಕಣ್ಣು ಮುಚ್ಚಿ ಉಸಿರೆಳೆದುಕೊಂಡು, ‘ಆಹಾ, ಊರಿಗೆ ಊರ ಮಿಸರಿ ವಾಸನಿ ಹೊಡ್ಯಾಕತ್ತೈತಿ. ಇಷ್ಟ ದಿನಾ ಎಲ್ಲಿದ್ದೆಪಾ ನಿಪ್ಪಾಣಿ!’ ಎಂದಳು. ಹುರಿದ ತಂಬಾಕಿನ ಪುಡಿಯಾದ ಮಿಸರಿ ಆಯಿಯ ಪ್ರಾಣ. ದಿನಾ ಬೆಳಿಗ್ಗೆ ಅದರಲ್ಲಿ ಹಲ್ಲುಜ್ಜುತ್ತಿದ್ದಳು. ಹಲ್ಲು ಒಂದೂ ಇರಲಿಲ್ಲ. ‘ಹಲ್ಲ ಹೋದ್ರ ಹೋಗ್ಯಾವು, ಚಟಾ ಯಾಕ ಬಿಡ್ಲಿ?’ ಎನ್ನುತ್ತಿದ್ದಳು.

ನನ್ನನ್ನು ಕನ್ನಡ ಶಾಲೆಗೆ ಹಾಕಿದರು. ಪಾಠವೆಲ್ಲ ಕನ್ನಡದಲ್ಲಿ, ಆಟವೆಲ್ಲ ಮರಾಠಿಯಲ್ಲಿ. ನನ್ನ ವರ್ಗದ ಹುಡುಗಿಯರು ಫಳಾದ, ಎಂದರೆ ಕರಿಹಲಗೆಯ, ಮೇಲೆ ಬರೆದದ್ದನ್ನು ಕನ್ನಡದಲ್ಲಿ ಓದಿ ಮುಗಿಸಿದ ಕೂಡಲೇ ಮರಾಠಿಗೆ ಜಿಗಿಯುತ್ತಿದ್ದರು. ನನ್ನೊಡನೆ ಮಾತಾಡುವಾಗ ಮಾತ್ರ ಕನ್ನಡ ಮರಾಠಿ ಕಲಸಿದ ಒಂದು ಚಿತ್ರಾನ್ನ. ನನ್ನನ್ನು ಶಾಲೆಗೆ ಬಿಡುವುದು, ಕರೆತರುವುದು, ಜಡೆ ಹಾಕುವುದು ಎಲ್ಲಾ ಆಯಿಯದೇ ಕೆಲಸ. ಆಯಿ ಹಾಕಿದ ಜಡೆ ಎಷ್ಟು ಬಿಗಿ ಎಂದರೆ ದಿನವಿಡೀ ನನ್ನ ಹುಬ್ಬು ಮೇಲಕ್ಕೇ ಇರುತ್ತಿದ್ದವು. ಮೇಡಂ ಏನು ಹೇಳಿದರೂ ನಾನು ಆಶ್ಚರ್ಯದಿಂದ ಕೇಳುತ್ತಿದ್ದೇನೆಂದು ಅವರಿಗೆ ಸಂತೋಷವಾಗುತ್ತಿತ್ತು.

ಗೇಟಿನ ಬಳಿ ಆಯಿಯನ್ನು ಕಂಡ ಹುಡುಗಿಯರು ಕೇಳಿದರು, ‘ಯಾರ ಅಕಿ?’

‘ನಮ್ಮ ಆಯಿ’ ಎಂದೆ ಹೆಮ್ಮೆಯಿಂದ.

‘ಅಯ್ಯೋ, ಕಿತೀ ಮ್ಹಾತಾರೀ ಗ!’ ಎಂದು ಒಬ್ಬಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಎಷ್ಟು ಮುದುಕಿ ಎಂದರ್ಥ. ಆಯಿ ಮುದುಕಿಯಾಗಿರದೆ ಇನ್ನೇನಾಗಿರಬೇಕು? ನನಗೆ ಅವರ ಆಶ್ಚರ್ಯವೇ ಆಶ್ಚರ್ಯ. ‘ನಮ್ಮ ಆಯಿಗಿ ಒಂದೂ ಹಲ್ಲಿಲ್ಲ’ ಎಂದು ಇನ್ನಷ್ಟು ಕೊಚ್ಚಿಕೊಂಡೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದಿನಿಂದ ನನಗೆ ಪೇರಲಹಣ್ಣಿನ ಪಾಲಿನಲ್ಲಿ ದೊಡ್ಡ ಹೋಳು ಸಿಗತೊಡಗಿತು. ಮರಾಠಿಯಲ್ಲಿ ಆಯಿ ಎಂದರೆ ಹಡೆದ ತಾಯಿ ಎಂಬ ಸಣ್ಣ ಸಂಗತಿ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆಯ ಕನ್ನಡದ ಮನೆಗಳಲ್ಲಿ ಅದು ಅಜ್ಜಿ ಎಂಬುದು ಅವರಿಗೂ ಹೊಳೆದಿರಲಿಲ್ಲ. ಆಯಿ ಯಾವುದೋ ದೇವರಿಗೆ ಹರಕೆ ಹೊತ್ತು ಎಪ್ಪತ್ತರ ಮುಪ್ಪಿನಲ್ಲಿ ನನ್ನನ್ನು ಹಡೆದಿರಬೇಕೆಂದು ಅವರವರಲ್ಲೇ ತೀರ್ಮಾನವಾಗಿತ್ತಂತೆ. ನಮ್ಮ ಮನೆಗೆ ಬಂದಿದ್ದ ಒಬ್ಬಳು ಅವ್ವನನ್ನು ಕಂಡಿದ್ದಳು. ‘ಅವ್ವಾ’ ಎನ್ನುವುದು ಅವಳ ಹೆಸರು, ಅವಳು ನನ್ನ ವಹಿನಿ, ಎಂದರೆ ಅತ್ತಿಗೆ, ಎಂದು ವರದಿ ಒಪ್ಪಿಸಿದ್ದಳಂತೆ.

ನನ್ನ ಕಡೆಯಿಂದ ನೋಡಿದರೆ ಕಥೆ ಇನ್ನೂ ಭಯಂಕರವಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಆಯಿಯ ಸುದ್ದಿ ಹೇಳುತ್ತಿದ್ದರು. ಒಬ್ಬಳ ಆಯಿ ಬುತ್ತಿ ಕಟ್ಟುತ್ತಿದ್ದಳು, ಒಬ್ಬಳ ಆಯಿ ಬೀಡಿ ಕಟ್ಟುತ್ತಿದ್ದಳು. ಒಬ್ಬಳಂತೂ ‘ನಮ್ಮ ಆಯಿ ಸ್ಕೂಟಿ ಹೊಡೀತಾಳ’ ಎಂದಳು. ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಸ್ಕೂಟಿ ಹೊಡೆಯುವ ಮುದುಕಿ! ಒಂದು ದಿನ ಆ ಆಯಿ ಬಂದೂ ಬಂದಳು. ಮಲ್ಲಿಗೆ ಮುಡಿದುಕೊಂಡು, ಕರಿ ಕನ್ನಡಕ ಹಾಕಿಕೊಂಡು, ಹಾರ್ನ್ ಹೊಡೆಯುತ್ತಾ. ನಿಪ್ಪಾಣಿಯ ನೀರಿನಲ್ಲಿ ಏನೋ ಇದೆ, ಇಲ್ಲಿಯ ಅಜ್ಜಿಯರಿಗೆ ವಯಸ್ಸೇ ಆಗುವುದಿಲ್ಲ ಎಂದುಕೊಂಡೆ. ಆಮೇಲೆ ಇನ್ನೊಂದು ಯೋಚನೆ ಬಂದು ಹೆದರಿಕೆಯಾಯಿತು. ಎಲ್ಲರೂ ಆಯಿಯ ಸುದ್ದಿಯನ್ನೇ ಹೇಳುತ್ತಾರೆ, ಅವ್ವನ ಸುದ್ದಿ ಯಾರೂ ಎತ್ತುವುದಿಲ್ಲ. ಈ ಊರಿನ ಅವ್ವಂದಿರೆಲ್ಲ ಎಲ್ಲಿ ಹೋದರು? ಅವ್ವನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುತ್ತಾ, ‘ಇರ್ತಾರ, ಎಲ್ಲಿ ಹೋಗ್ತಾರ’ ಎಂದಳು. ನನಗೆ ಸಮಾಧಾನವಾಗಲಿಲ್ಲ. ಹೀಗೆ ಅವರು ನನ್ನನ್ನು ಕಂಡು ಮರುಗುತ್ತಿದ್ದರು, ನಾನು ಅವರನ್ನು ಕಂಡು ಮರುಗುತ್ತಿದ್ದೆ. ಇಷ್ಟೊಂದು ಅಂತಃಕರಣ ತುಂಬಿದ ಮೂರನೇ ಇಯತ್ತೆ ಮತ್ತೊಂದು ಇದ್ದಿರಲಾರದು.

ಆ ಗುಂಪಿನಲ್ಲಿ ಸುಮ್ಮನೆ ಕೂತು ಉಣ್ಣುತ್ತಿದ್ದವಳು ವೈಶಾಲಿ. ಎಣ್ಣೆ ಹಚ್ಚಿ ನುಣ್ಣಗೆ ಬಾಚಿದ ತಲೆ, ತುಸು ಸೊಟ್ಟ ಬೈತಲೆ. ಒಂದು ದಿನ ನಾನೇ ಕೇಳಿದೆ, ‘ನಿಮ್ಮ ಆಯಿ ಏನ್ ಮಾಡ್ತಾಳ ಬೇ?’

‘ಮಲಾ ಆಯಿ ನಾಹೀ’ ಎಂದಳು. ನನಗೆ ಆಯಿ ಇಲ್ಲ. ‘ಆಜಿ ಅದಾಳ.’

ನಮ್ಮ ಕಡೆ ಅವ್ವನ ತಾಯಿಗೆ ಅಜ್ಜಿ ಎಂದೂ ಅಪ್ಪನ ತಾಯಿಗೆ ಆಯಿ ಎಂದೂ ಅನ್ನುತ್ತಿದ್ದೆವು. ಎರಡರಲ್ಲಿ ಒಂದು ಉಳಿದಿದೆ, ಪರವಾಗಿಲ್ಲ ಎಂದು ಲೆಕ್ಕ ಹಾಕಿದೆ. ಅವಳಿಗೆ ಸಮಾಧಾನ ಹೇಳಬೇಕೆಂದು, ‘ಇರ್ಲಿ ಬಿಡ, ಭಾಳ ಮಂದಿಗಿ ಇರೂದಿಲ್ಲ. ಆಜಿ ಅದಾಳಲ್ಲ, ಮತ್ತೇನ?’ ಎಂದೆ.

ವೈಶಾಲಿ ಬುತ್ತಿ ಮುಚ್ಚಿ ಎದ್ದು ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ನಾನು ಇಷ್ಟು ಚೆನ್ನಾಗಿ ಸಮಾಧಾನ ಹೇಳಿದ್ದಕ್ಕೆ ಇದೆಂಥ ಸಿಟ್ಟು ಎಂದು ನನಗೂ ಸಿಟ್ಟು ಬಂತು.

ಚಳಿಗಾಲದಲ್ಲಿ ನಮ್ಮ ಆಯಿ ತೀರಿಕೊಂಡಳು. ನರಳಲಿಲ್ಲ, ಆಸ್ಪತ್ರೆ ಕಾಣಲಿಲ್ಲ. ಬೆಳಿಗ್ಗೆ ಮಿಸರಿ ತಿಕ್ಕಿ, ಬಾಯಿ ಮುಕ್ಕಳಿಸಿ, ಬಿಸಿಲಿಗೆ ಗೋಡೆಗೆ ಆನಿಸಿ ಕೂತವಳು ಹಾಗೆಯೇ ಹೋಗಿಬಿಟ್ಟಳು. ಊರಿಗೆ ಒಯ್ದು ಮಣ್ಣು ಮಾಡಿ, ದಿನಕರ್ಮ ಮುಗಿಸಿ ತಿರುಗಿ ಬಂದೆವು. ನನಗೆ ಅಳು ಬಂದದ್ದು ಊರಿನಲ್ಲಲ್ಲ, ಶಾಲೆಗೆ ಹೊರಟ ದಿನ. ಅವ್ವ ಹಾಕಿದ ಜಡೆ ಸಡಿಲಾಗಿ ಹುಬ್ಬು ತಮ್ಮ ಜಾಗದಲ್ಲೇ ಇದ್ದವು. ಕನ್ನಡಿಯಲ್ಲಿ ಅದನ್ನು ನೋಡಿ ಬಿಕ್ಕಿ ಬಿಕ್ಕಿ ಅತ್ತೆ.

ಶಾಲೆಯಲ್ಲಿ ಮೇಡಂ ಕೇಳಿದರು, ‘ಯಾಕಮ್ಮ ಗೌರಿ, ಇಷ್ಟು ದಿನ ಬರಲಿಲ್ಲ?’ ಅವರು ಹಾಸನದ ಕಡೆಯವರು. ನಿಪ್ಪಾಣಿಗೆ ಬಂದ ಹೊಸತರಲ್ಲಿ ಮಕ್ಕಳ ಮಾತು ಒಂದೂ ತಿಳಿಯದೆ ಕಷ್ಟಪಟ್ಟು, ಆಯಿ ಎಂದರೆ ತಾಯಿ, ಪಾಣಿ ಎಂದರೆ ನೀರು ಎಂದು ಒಂದೊಂದಾಗಿ ಕಲಿತುಕೊಂಡವರು.

‘ನಮ್ಮ ಆಯಿ ಸತ್ತಳ್ರೀ’ ಎಂದೆ.

ಮೇಡಂ ಕೈಯಲ್ಲಿದ್ದ ಬರೆಯುವ ಖಡು ಕೆಳಗೆ ಬಿತ್ತು. ಅವರು ಬಂದು ನನ್ನನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡರು. ಹಿಂದಿನ ಬೆಂಚಿನಲ್ಲಿ ಯಾರೋ ಸಣ್ಣಗೆ ಅಳತೊಡಗಿದರು. ಅಜ್ಜಿ ಸತ್ತದ್ದಕ್ಕೆ ಇಡೀ ಶಾಲೆ ಹೀಗೆ ಅಳುವುದನ್ನು ಕಂಡು ನನಗೆ ನಿಪ್ಪಾಣಿಯ ಮೇಲೆ ಅಪಾರ ಗೌರವ ಹುಟ್ಟಿತು. ನಮ್ಮ ಊರಿನಲ್ಲಿ ಆಯಿಯ ಮಣ್ಣಿಗೆ ಬಂದವರು, ‘ಪುಣ್ಯಾ ಮಾಡಿದ್ಲು, ಹಗೂರ ಹೋದ್ಲು’ ಎಂದು ಅವಲಕ್ಕಿ ತಿಂದು ಎದ್ದಿದ್ದರು. ಇಲ್ಲಿಯ ಜನ ದೊಡ್ಡವರು!

ಆ ಮಧ್ಯಾಹ್ನ ವೈಶಾಲಿ ತನ್ನ ಪಾಟಿ ಚೀಲ ಎತ್ತಿಕೊಂಡು ಬಂದು ನನ್ನ ಬೆಂಚಿನಲ್ಲಿ ಕೂತಳು. ಇನ್ನು ಮೇಲೆ ಇಲ್ಲೇ ಎನ್ನುವಂತೆ ಚೀಲವನ್ನು ಒಳಕ್ಕೆ ತಳ್ಳಿದಳು.

‘ಜಡಿ ಯಾರ ಹಾಕಿದ್ರು?’ ಎಂದಳು.

‘ಆಯಿ ಹಾಕ್ತಿದ್ಲು. ಈಗ...’ ಎಂದು ಮತ್ತೆ ಅಳತೊಡಗಿದೆ.

‘ಅಳಬ್ಯಾಡ. ನಾ ಕಲಿಸ್ತೀನಿ.’

ನನ್ನ ಬಾಳಿನಲ್ಲಿ ಎಷ್ಟೋ ಜನ ನನಗೆ ಕಲಿಸಿದ್ದಾರೆ. ವೈಶಾಲಿಯಷ್ಟು ಶ್ರದ್ಧೆಯಿಂದ ಯಾರೂ ಕಲಿಸಲಿಲ್ಲ. ಜಡೆಯ ತುದಿ ಕೈಗೆ ಸಿಗದಿದ್ದರೆ ರಿಬ್ಬನ್ನಿನ ಒಂದು ಕೊನೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಬೈತಲೆಯನ್ನು ಕನ್ನಡಿಯಲ್ಲಿ ನೋಡಬಾರದು, ಮೂಗಿನ ಮೇಲೆ ಬೆರಳಿಟ್ಟು ಅಲ್ಲಿಂದ ನೆಟ್ಟಗೆ ಮೇಲಕ್ಕೆ ಹೋಗಬೇಕು. ಅವಳ ಬೈತಲೆ ಯಾಕೆ ಸೊಟ್ಟಗಿತ್ತು ಎಂದು ನನಗೆ ಆಗ ತಿಳಿಯಿತು, ಅವಳ ಮೂಗೇ ತುಸು ಸೊಟ್ಟ. ‘ಯಾರಾರ ನಿನ್ನ ನೋಡಿ ಪಾಪ ಅಂದ್ರ ಕೆಳಗ ನೋಡಬ್ಯಾಡ. ಅವರ ಕಿವ್ಯಾಗಿನ ಬೆಂಡೋಲಿ ನೋಡು. ಎಷ್ಟ ಹರಳ ಅದಾವ ಅಂತ ನೋಡ್ಕೋತ ನಿಂದ್ರು, ಅಳು ಬರೂದಿಲ್ಲ’ ಎಂದಳು. ‘ರಾತ್ರಿ ನೆನಪಾದ್ರ ಸೀರಿ ಮೂಸು. ಒಂದು ಸೀರಿ ಒಗೀಲಾರ್ದ ಇಟ್ಕೋ. ಒಗದ್ರ ವಾಸನಿ ಹೋಗ್ತೈತಿ. ನಮ್ಮ ಆಜಿ ಒಗದ ಬಿಟ್ಲು.’

ಆಯಿಯ ಸೀರೆ ಮಿಸರಿಯ ಘಾಟು ಹೊಡೆಯುತ್ತಿತ್ತು. ಆದರೂ ನಾನು ಅವ್ವನಿಗೆ ಹೇಳಿ ಒಂದನ್ನು ಒಗೆಯದಂತೆ ಇರಿಸಿಕೊಂಡೆ. ಮೂಸಿದಾಗೆಲ್ಲ ಸೀನು ಬರುತ್ತಿತ್ತು, ಸೀನಿದ ಮೇಲೆ ನಿಜವಾಗಿಯೂ ದುಃಖ ಹಗುರಾಗುತ್ತಿತ್ತು.

ಒಂದು ಶನಿವಾರ ಶಾಲೆ ಬೇಗ ಬಿಟ್ಟಾಗ ಮೇಡಂ ಏಳೆಂಟು ಹುಡುಗಿಯರನ್ನು ಕರೆದುಕೊಂಡು ನಮ್ಮ ಮನೆಗೆ ಮಾತಾಡಿಸಲು ಬಂದರು. ನಾನು ಮುಂದೆ, ಅವರೆಲ್ಲ ಹಿಂದೆ. ವೈಶಾಲಿಯ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಡಬ್ಬಿ. ಸತ್ತ ಮನೆಗೆ ಬರಿಗೈಯಲ್ಲಿ ಹೋಗಬಾರದು, ಒಲೆ ಹೊತ್ತಿಸುವವರಿರುವುದಿಲ್ಲ, ಉಣ್ಣಲು ಏನಾದರೂ ಒಯ್ಯಬೇಕು ಎಂದು ಅವಳು ತಾನೇ ಪಿಠಲ ಮಾಡಿ ತಂದಿದ್ದಳು. ಪಿಠಲ ಎಂದರೆ ಕಡಲೆಹಿಟ್ಟಿನ ನಮ್ಮ ಝುಣಕವೇ, ಸ್ವಲ್ಪ ತೆಳ್ಳಗೆ.

ಬಾಗಿಲು ತೆರೆದವಳು ಅವ್ವ. ಕೈಗೆಲ್ಲ ಜೋಳದ ಹಿಟ್ಟು. ‘ಬರ್ರಿ, ಬರ್ರಿ, ಒಳಗ ಬರ್ರಿ’ ಎಂದು ಮಂದಿಯನ್ನು ಕಂಡು ಹಿಗ್ಗಿದಳು.

ಮೇಡಂ ಚಾಪೆಯ ಮೇಲೆ ಕೂತು, ದನಿ ತಗ್ಗಿಸಿ, ‘ಏನ್ ಮಾಡೋಕಾಗುತ್ತೆ, ಎಲ್ಲಾ ನಮ್ಮ ಕೈಲಿಲ್ಲ. ಮಗೂನ ಈಗ ಯಾರು ನೋಡ್ಕೊಳ್ತಿದ್ದೀರ?’ ಎಂದರು.

‘ನಾನ ನೋಡ್ಕೋತೀನ್ರೀ. ಮತ್ಯಾರ ನೋಡ್ಬೇಕ?’

‘ಒಳ್ಳೇದಾಯ್ತು ಬಿಡಿ. ನೀವು ಗೌರಿಗೆ ಏನಾಗಬೇಕು?’

ಅವ್ವ ನನ್ನ ಮುಖ ನೋಡಿದಳು, ಮೇಡಮ್ಮರ ಮುಖ ನೋಡಿದಳು. ‘ಇಕಿ ತಾಯಿ ರೀ. ಹಡದಾಕಿ.’

ಮೇಡಂ ಕೂತಲ್ಲಿಂದಲೇ ಒಂದು ಗೇಣು ಹಿಂದೆ ಸರಿದರು. ಬಾಗಿಲಲ್ಲಿದ್ದ ಹುಡುಗಿ ‘ಭೂತ್!’ ಎಂದು ಕಿರುಚಿ ಹೊರಕ್ಕೆ ಹಾರಿದಳು, ಅವಳ ಹಿಂದೆ ಮತ್ತಿಬ್ಬರು ಹಾರಿದರು. ಅವ್ವ ಹಿಟ್ಟಿನ ಕೈ ಎತ್ತಿಕೊಂಡು ‘ಏ ಏನಾತು, ಹಾವ ಬಂತೇನು?’ ಎಂದು ಅವರ ಹಿಂದೆ ಓಡಿದಳು. ಬೆಳ್ಳಗಿನ ಕೈ ಎತ್ತಿಕೊಂಡು ಅಟ್ಟಿಸಿಕೊಂಡು ಬರುವ ಭೂತವನ್ನು ಕಂಡು ಹುಡುಗಿಯರು ಓಣಿಯ ತುದಿ ಮುಟ್ಟಿದರು. ಒಳಗೆ ಮೇಡಂ ಗೋಡೆಯ ಮೇಲಿನ ಫೋಟೋ ನೋಡಿದರು. ಮಾಲೆಯ ನಡುವೆ ನಮ್ಮ ಆಯಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ‘ಇವರು ಯಾರಮ್ಮ?’ ಎಂದರು. ‘ನಮ್ಮ ಆಯಿ ರೀ’ ಎಂದೆ. ‘ಅಂದ್ರೆ ನಿಮ್ಮಪ್ಪನ ಅಮ್ಮ?’ ‘ಹೌದ್ರಿ.’

ಮೇಡಮ್ಮರಿಗೆ ಎಲ್ಲ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡರು. ಓಡಿಹೋದವರನ್ನು ಅವ್ವ ಹಿಡಿದು ತಂದಳು. ಎಲ್ಲರಿಗೂ ಬಿಡಿಸಿ ಹೇಳಿದ್ದಾಯಿತು. ಸ್ಕೂಟಿ ಆಯಿ ಮುದುಕಿಯಲ್ಲ ಎಂದು ನನಗೂ ಆಗ ಗೊತ್ತಾಯಿತು. ಇಡೀ ಮನೆ ನಕ್ಕಿತು. ಸತ್ತ ಮನೆಯಲ್ಲಿ ಅಷ್ಟು ನಗು ಕೇಳಿ ಪಕ್ಕದ ಮನೆಯವರು ಬಗ್ಗಿ ನೋಡಿದರು. ಮಿಸರಿ ತಿಕ್ಕುವ ಆಯಿ ಇದ್ದಿದ್ದರೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು.

ವೈಶಾಲಿ ಒಬ್ಬಳು ನಗಲಿಲ್ಲ. ಅವಳು ಹೊಸ್ತಿಲ ಬಳಿ ನಿಂತಿದ್ದಳು. ಅವ್ವನನ್ನೇ ನೋಡುತ್ತಿದ್ದಳು. ಬಾಗಿ ಡಬ್ಬಿಯನ್ನು ಕೆಳಗಿಟ್ಟು, ಯಾರಿಗೂ ಹೇಳದೆ ಹೊರಟುಹೋದಳು. ಸೋಮವಾರ ನೋಡಿದರೆ ಅವಳ ಚೀಲ ಹಳೆಯ ಬೆಂಚಿಗೆ ಹೋಗಿತ್ತು. ಕರೆದರೆ ತಿರುಗಲಿಲ್ಲ. ಮಧ್ಯಾಹ್ನ ಒಂದೇ ಮಾತು ಹೇಳಿದಳು. ‘ನಿನಗ ಆಯಿ ಅದಾಳ. ಖೋಟಿ ಅದೀ ನೀ.’ ನೀನು ಸುಳ್ಳಿ ಎಂದು.

ನಾನು ಸುಳ್ಳು ಹೇಳಿರಲಿಲ್ಲ, ಅವಳದೂ ತಪ್ಪಿರಲಿಲ್ಲ. ಆಯಿ ಇಲ್ಲ ಎಂದರೆ ಅವಳ ಮನೆಯಲ್ಲಿ ಏನಿಲ್ಲ ಎಂಬುದು ನನಗೆ ಆವತ್ತು ಅರ್ಥವಾಯಿತು. ಅಷ್ಟು ದೊಡ್ಡ ಶಾಲೆಯಲ್ಲಿ ತನ್ನಂಥವಳು ಒಬ್ಬಳು ಸಿಕ್ಕಳು ಎಂದು ಅವಳು ತನ್ನ ಗುಟ್ಟೆಲ್ಲ ನನಗೆ ಕೊಟ್ಟಿದ್ದಳು. ಹಲ್ಲಿನಲ್ಲಿ ಕಚ್ಚಿದ ರಿಬ್ಬನ್ನು, ಬೆಂಡೋಲಿಯ ಹರಳು, ಒಗೆದುಬಿಟ್ಟ ಸೀರೆ. ಈಗ ಮತ್ತೆ ಒಬ್ಬಳೇ ಆಗಿದ್ದಳು. ನಾನು ಮನೆಗೆ ಬಂದು ಅವ್ವನ ಮಡಿಲಲ್ಲಿ ಮುಖವಿಟ್ಟು ಎಲ್ಲ ಹೇಳಿ ಅತ್ತೆ. ಆ ಮಡಿಲು ಇದ್ದದ್ದೇ ನನ್ನ ಅಪರಾಧವಾಗಿತ್ತು, ನೋಡಿ.

ಅವ್ವ ಎದ್ದುಹೋಗಿ, ತೊಳೆದು ಬೋರಲು ಹಾಕಿದ್ದ ಡಬ್ಬಿ ತಂದಳು. ಅದರೊಳಗಿನ ಪಿಠಲ ತಳ ಹತ್ತಿತ್ತು, ಉಪ್ಪು ಎರಡು ಸಲ ಬಿದ್ದಿತ್ತು. ಆದರೂ ಅವ್ವ ಅಪ್ಪನಿಗೂ ಕೊಡದೆ ತಾನೇ ಬಳಿದು ಉಂಡಿದ್ದಳು. ಅಪ್ಪನಿಗೆ ಮರಾಠಿ ಓದಲು ಬರುತ್ತಿತ್ತು. ಮೇಲಿನ ಹೆಸರು ಓದಿಸಿದಳು. ‘ಸೌ. ಶಾಲನ’ ಎಂದರು ಅಪ್ಪ. ‘ಅಕಿ ತಾಯಿ ಡಬ್ಬಿ’ ಎಂದು ಅವ್ವ ಅದರ ಮೇಲೆ ಬೆರಳಾಡಿಸಿದಳು.

ನಮ್ಮ ಅವ್ವನ ಒಂದು ಕಾಯ್ದೆಯಿದೆ. ಯಾರ ಮನೆಯ ಡಬ್ಬಿಯೂ ಬರಿದು ತಿರುಗಿ ಹೋಗಕೂಡದು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಬೇಕು. ಮರುದಿನ ಸಂಜೆ ಅವಳು ಗೋಧಿಯ ಮಾದಲಿ ಮಾಡಿ, ಏಲಕ್ಕಿ ಹಾಕಿ, ಡಬ್ಬಿ ತುಂಬಿ, ನನ್ನ ಕೈ ಹಿಡಿದುಕೊಂಡು ವೈಶಾಲಿಯ ಮನೆಗೆ ಹೊರಟಳು. ದಾರಿಯಲ್ಲಿ ನನ್ನ ಎರಡು ಜಡೆಗಳಲ್ಲಿ ಒಂದನ್ನು ಬಿಚ್ಚಿಬಿಟ್ಟಳು. ಯಾಕೆ ಎಂದು ಕೇಳಿದರೆ ‘ಸುಮ್ಮನಿರು’ ಎಂದಳು.

ಆಜಿ ಅಂಗಳದಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ವೈಶಾಲಿ ಪಕ್ಕದಲ್ಲಿ ಎಲೆ ಕತ್ತರಿಸುತ್ತಿದ್ದಳು. ನಮ್ಮನ್ನು ಕಂಡು ಎದ್ದು ಒಳಗೆ ಹೋಗಲು ನೋಡಿದಳು. ಅವ್ವನಿಗೆ ಮರಾಠಿ ಬಾರದು, ಆಜಿಗೆ ಕನ್ನಡ ಅಷ್ಟಕ್ಕಷ್ಟೇ. ಅವ್ವ ನೆಲದ ಮೇಲೆ ಕೂತು, ವೈಶಾಲಿಯ ಬೆನ್ನಿಗೆ ಹೇಳಿದಳು:

‘ಏನವಾ ಮಾಸ್ತರತಿ, ನಮ್ಮ ಹುಡುಗಿಗಿ ಜಡಿ ಹಾಕೂದು ಅರ್ಧಾ ಕಲಿಸಿ ಬಿಟ್ಟಿಯಂತ. ನೋಡ ಇಲ್ಲೆ, ಅರ್ಧಾ ಜಡಿ ಹಾಕ್ಕೊಂಡು ಊರೆಲ್ಲಾ ಅಡ್ಡಾಡಾಕತ್ತಾಳ. ಪೂರ್ತಿ ಕಲಿಸವ್ರು ಯಾರ? ನನಗಂತೂ ಹಲ್ಲಾಗ ರಿಬ್ಬನ್ ಹಿಡಿಯಾಕ ಬರೂದಿಲ್ಲ.’

ವೈಶಾಲಿ ತಿರುಗಿ ನೋಡಿದಳು. ಒಂದು ಕಡೆ ಬಿಗಿದು ಒಂದು ಕಡೆ ಬಿಚ್ಚಿಕೊಂಡಿದ್ದ ನನ್ನ ತಲೆ ನೋಡಿ, ತಡೆದುಕೊಳ್ಳಲು ನೋಡಿ, ಸೋತು, ಪಕ್ಕನೆ ನಕ್ಕಳು. ಅವ್ವ ಡಬ್ಬಿ ಮುಂದೆ ಚಾಚಿದಳು. ‘ನಿನ್ನ ಪಿಠಲ ನಾನ ಉಂಡೇನಿ. ಉಪ್ಪ ಒಂದೀಟ ಜಾಸ್ತಿ. ನಮ್ಮನಿಗಿ ಬಾ, ನಾ ಅದನ್ನ ಕಲಿಸ್ತೀನಿ, ನೀ ಜಡಿ ಕಲಿಸು.’

ವೈಶಾಲಿ ಡಬ್ಬಿ ತೆಗೆದುಕೊಂಡಳು. ಆಮೇಲೆ ಕೇಳಿದಳು, ‘ನಿಮಗ ಏನಂತ ಕರೀಲಿ?’

‘ಅವ್ವಾ ಅನ್ನು. ನಿಮ್ಮ ಮರಾಠಿಯೊಳಗ ಆ ಮಾತ ಇಲ್ಲಲ್ಲ? ಯಾರ ಜಾಗಾನೂ ಹೋಗೂದಿಲ್ಲ. ನಿಮ್ಮ ಆಯಿ ಜಾಗಾ ಹಂಗ ಇರಲಿ.’

ಅವ್ವ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಷ್ಟು ನೇರವಾದ ಮಾತು ಅವಳಿಗೆ ಎಲ್ಲಿಂದ ಹೊಳೆಯಿತೋ ಕಾಣೆ. ಮನೆಗೆ ಬಂದ ಮೇಲೆ ಕೇಳಿದ್ದಕ್ಕೆ, ‘ನಾ ನಿಮ್ಮಪ್ಪನ ಮನಿಗಿ ಬಂದಾಗ ಅತ್ತೀನ ಆಯಿ ಅನ್ನಾಕ ನನಗ ಎಷ್ಟ ವರ್ಷ ಹಿಡೀತು, ನಿನಗೇನ ಗೊತ್ತು?’ ಎಂದು ಒಲೆ ಊದತೊಡಗಿದಳು. ಆಯಿಯನ್ನು ಅವ್ವನ ಅತ್ತೆ ಎಂದು ನಾನು ಅಲ್ಲಿಯತನಕ ಎಣಿಸಿಯೇ ಇರಲಿಲ್ಲ.

ಮುಂದಿನ ವಾರ ಡಬ್ಬಿ ಚುರಮುರಿ ಚೂಡಾ ತುಂಬಿಕೊಂಡು ತಿರುಗಿ ಬಂತು. ಆಜಿಗೂ ಅಂಥದೇ ಕಾಯ್ದೆಯಿತ್ತು. ಬರಿದು ಕಳಿಸಲು ಎರಡು ಮನೆಗೂ ಮನಸ್ಸಿಲ್ಲವಾದ್ದರಿಂದ ಆ ಡಬ್ಬಿ ಯಾವ ಮನೆಯಲ್ಲೂ ನಿಲ್ಲಲಿಲ್ಲ. ಉಂಡಿ, ಕರದಂಟು, ಕರ್ಜಿಕಾಯಿ, ಥಾಲಿಪೀಠ ಹೊತ್ತು ಓಣಿಯಿಂದ ಓಣಿಗೆ ಓಡಾಡಿತು. ವೈಶಾಲಿ ನಮ್ಮ ಅಡುಗೆಮನೆಯಲ್ಲಿ ‘ಅವ್ವಾ’ ಎನ್ನುತ್ತಾ ಬೆಳೆದಳು. ನಾನು ಹಲ್ಲಿನಲ್ಲಿ ರಿಬ್ಬನ್ ಹಿಡಿದು ಬೆಳೆದೆ.

ನನ್ನನ್ನು ಅಥಣಿಗೆ ಕೊಟ್ಟರು. ಅವಳನ್ನು ಕಾಗವಾಡದ ಹತ್ತಿರ ಶಿರಗುಪ್ಪಿಗೆ, ಕಬ್ಬಿನ ಗದ್ದೆಗಳ ನಡುವಿನ ಒಂದು ಕನ್ನಡದ ಮನೆಗೆ ಕೊಟ್ಟರು. ಡಬ್ಬಿಯ ಹಾದಿ ಈಗ ಬಸ್ಸಿನ ಹಾದಿಯಾಗಿದೆ. ಹೋದ ತಿಂಗಳು ನನ್ನ ಪಾಳಿ. ಶೇಂಗಾ ಹೋಳಿಗೆ ತುಂಬಿಕೊಂಡ ಡಬ್ಬಿ ಹಿಡಿದು ಶಿರಗುಪ್ಪಿಗೆ ಹೋದೆ. ಅವಳ ಮಗುವಿಗೆ ವರ್ಷ ತುಂಬಿದೆ. ಗುಂಡು ಗುಂಡಾಗಿ, ಎರಡು ಹಲ್ಲಿನಲ್ಲಿ ನಗುತ್ತದೆ. ಪಡಸಾಲೆಯಲ್ಲಿ ಕೂತಿದ್ದೆವು. ಮಗು ತೆವಳುತ್ತಾ ಬಂದು ತಲೆಯೆತ್ತಿ ‘ಆಯಿ’ ಎಂದಿತು.

‘ಕೇಳಿದ್ರಿಲ್ಲೋ? ಮೊದಲನೇ ಮಾತು ನನ್ನ ಹೆಸರ!’ ಎಂದು ವೈಶಾಲಿಯ ಅತ್ತೆ ಮಗುವನ್ನು ಬಾಚಿಕೊಂಡರು. ಆ ಮನೆಯಲ್ಲಿ ಆಯಿ ಎಂದರೆ ಅಜ್ಜಿ, ನಮ್ಮ ಮನೆಯ ಹಾಗೆಯೇ. ಹಡೆದವಳಿಗೆ ಅವ್ವ ಎನ್ನಬೇಕು. ನಾನು ವೈಶಾಲಿಯ ಮುಖ ನೋಡಿದೆ. ಈ ವಿಷಯದಲ್ಲಿ ನನ್ನಷ್ಟು ತಿಳಿದವರು ಆ ಸೀಮೆಯಲ್ಲಿ ಯಾರಿದ್ದಾರೆ? ಬಿಡಿಸಿ ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ. ವೈಶಾಲಿ ಕಾಲಿನಿಂದ ನನ್ನ ಕಾಲು ಒತ್ತಿದಳು. ಅತ್ತೆ ಒಳಗೆ ಹೋದ ಮೇಲೆ ಪಿಸುಗುಟ್ಟಿದಳು:

‘ಸುಮ್ಮನಿರ ಬೇ. ಅವರಿಗಿ ಇದ್ದಾಂವ ಒಬ್ಬ ಮಗ, ಒಬ್ಬ ಮೊಮ್ಮಗ. ಹಿಗ್ಗಲಿ. ನನಗ ಕೇಳಿದ್ರ ಸಾಕು. ಹುಟ್ಟಿದಾಗಿಂದ ಈ ಮಾತು ನಾ ಯಾರಿಗೂ ಅಂದಿಲ್ಲ, ನನಗೂ ಯಾರೂ ಅಂದಿರಲಿಲ್ಲ. ಈಗ ದಿನಾ ಮನ್ಯಾಗ ಓಡಾಡ್ತೈತಿ.’ ಅವಳ ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು.

ಹೊರಡುವ ಹೊತ್ತಿಗೆ ವೈಶಾಲಿ ಮಗುವನ್ನು ಅಂಗಳದಲ್ಲಿ ಬಿಟ್ಟು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಡಬ್ಬಿಗೆ ಹೊಸ ಬೆಲ್ಲ ತುಂಬತೊಡಗಿದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು:

‘ಗೌರಾ, ನೀ ಅಕಿ ಮುಂದ ಹೇಳಬ್ಯಾಡ. ಮರಾಠಿಯೊಳಗ ಆಯಿ ಅಂದ್ರ ಹಡದಾಕಿ ಅಂತ ನನಗೂ ಗೊತ್ತೈತಿ. ಇಲ್ಲೇ ಮಿರಜದ ಸಂತಿಗಿ ಹೋಗಾಕಿ ನಾ, ಅಷ್ಟ ತಿಳಿಯೂದಿಲ್ಲೇನು? ಅಕಿ ತಾಯಿ ಕಾಣದ ಜೀವ. ಈ ಮನ್ಯಾಗ ಕೂಸಿನ ಬಾಯಾಗ ಅಕಿಗಿ ಅಕಿ ಮಾತು ಕೇಳ್ಲಿ ಅಂತ ನಾನ ದಿನಾ ಅದನ್ನ ಎತ್ಕೊಂಡು ಆಯಿ, ಆಯಿ ಅಂತ ಕಲಿಸೇನಿ. ನನ್ನ ಹೆಸರ ಅಂತ ಸುಮ್ಮನ ಒದರ್ತೀನಿ. ಇಲ್ಲಂದ್ರ ಅಕಿಗಿ ಸಂಕೋಚ ಆಗ್ತೈತಿ.’

ನಾನು ಅವರ ಕಿವಿಯ ಬೆಂಡೋಲಿಯ ಹರಳುಗಳನ್ನೇ ನೋಡುತ್ತಾ ನಿಂತೆ.

ಅಷ್ಟರಲ್ಲಿ ಅಂಗಳದಿಂದ ಮಗು ‘ಆಯಿ’ ಎಂದಿತು. ಅತ್ತೆ ಬೆಲ್ಲದ ಕೈಯನ್ನು ಹಾಗೇ ಹಿಡಿದು ಓಗೊಡದೆ ನಿಂತರು. ಹಿತ್ತಲಿನಿಂದ ಉತ್ತರ ಬರಲೆಂದು ಅವರು ಕಾಯುತ್ತಿದ್ದರು. ಕಿಟಕಿಯಿಂದ ನೋಡಿದರೆ ಹಿತ್ತಲಲ್ಲಿ ವೈಶಾಲಿ ತೆಗೆದ ಸೀರೆಯನ್ನು ಎದೆಗೆ ಹಿಡಿದುಕೊಂಡು, ಅಡುಗೆಮನೆಯ ಕಡೆ ಕಿವಿಯಿಟ್ಟು, ಅವಳೂ ಓಗೊಡದೆ ನಿಂತಿದ್ದಳು. ಮಗು ಇನ್ನೊಮ್ಮೆ ‘ಆಯಿ’ ಎಂದಿತು. ಇಬ್ಬರೂ ತುಟಿ ಬಿಚ್ಚಲಿಲ್ಲ. ಇಬ್ಬರಿಗೂ ಮಾತು ಕೊಟ್ಟು ಸಿಕ್ಕಿಬಿದ್ದ ನಾನು ಡಬ್ಬಿಯ ಮುಚ್ಚಳ ಹಿಡಿದು ನಡುವೆ ನಿಂತಿದ್ದೆ.

ತನ್ನನ್ನು ಕೇಳುವವರೇ ಇಲ್ಲವೆಂದು ಮಗು ಕೊನೆಗೆ ಮನೆ ಹಾರುವಂತೆ ಕಿರುಚಿ ಅಳತೊಡಗಿತು. ಆಗ ಅಡುಗೆಮನೆಯಿಂದಲೂ ಹಿತ್ತಲಿನಿಂದಲೂ ಒಂದೇ ಸಲಕ್ಕೆ ‘ಓ ಬಂದ್ನಿ!’ ಎಂದು ಇಬ್ಬರು ಆಯಿಗಳು ಓಡಿದರು.